ಒಟ್ಟಿಗಾ, ಬೇರೆ ಬೇರೆನಾ

ಮಾದಿಹಳ್ಳಿಯಿಂದ ಹಳೇಬೀಡಿನ ಕಡೆಗೆ ಹೋಗುವ ದಾರಿಯಲ್ಲಿ ತಿಮ್ಮಯ್ಯನ ತೆಂಗಿನ ತೋಟವಿದೆ. ತೋಟದ ಅಂಚಿಗೆ ಒಂದು ಹುಣಸೆಮರ, ಅದರ ನೆರಳಲ್ಲಿ ಏನೂ ಬೆಳೆಯದ ಒಂದು ತುಂಡು ಬೀಳು ನೆಲ. ಆ ನೆಲದ ನಡುವೆ ತಂತಿಬಲೆಯ ಒಂದು ಪೆಟ್ಟಿಗೆ ಕೂತಿತ್ತು. ಅದಕ್ಕೆ ತುಸು ದೂರದಲ್ಲಿ, ಮಡಚುವ ಕುರ್ಚಿಯ ಮೇಲೆ ಮೀನಾಕ್ಷಿ ಕೂತಿರುತ್ತಿದ್ದಳು. ಹಸು ಹೊಡೆದುಕೊಂಡು ಬರುವ ತಿಮ್ಮಯ್ಯ ಪ್ರತಿ ಬೆಳಿಗ್ಗೆ ಕೇಳುತ್ತಿದ್ದ ಮಾತು ಒಂದೇ.

"ಏನ್ ಮೇಡಮ್ಮೋರೆ, ಇವತ್ತಾದ್ರೂ ಎಳುದ್ವಾ ನಿಮ್ ಸ್ಟೂಡೆಂಟ್‌ಗಳು?"

"ಇಲ್ಲ ತಿಮ್ಮಯ್ಯನೋರೆ."

"ನಮ್ ದಾಯಾದಿಗಳೂ ಹಂಗೇ ಬಿಡಿ. ಉಣ್ಣಾಕೆ ಒಟ್ಟಿಗೆ ಬತ್ತಾರೆ, ಕೆಲ್ಸಕ್ಕೆ ಒಬ್ಬನೂ ಇರಲ್ಲ."

ಅವಳು ನಗುತ್ತಿದ್ದಳು. ಮೂರನೆಯ ವರ್ಷಕ್ಕೆ ಬರುವಷ್ಟರಲ್ಲಿ ಆ ನಗು ಸ್ವಲ್ಪ ಕಷ್ಟಪಟ್ಟು ಬರುತ್ತಿತ್ತು.

ಮೀನಾಕ್ಷಿ ಕಣಕಟ್ಟೆಯವಳು. ತಾಯಿ ಸಣ್ಣತಾಯಮ್ಮ ಒಂದು ಕಾಲದಲ್ಲಿ ಅಲ್ಲಿಯ ತೋಟಗಳಲ್ಲಿ ಕಾಯಿ ಸುಲಿದವಳು. ತಂದೆ ಜವರಪ್ಪ ಬಸ್ ಕಂಡಕ್ಟರ್ ಆಗಿ, ಅರಸೀಕೆರೆಯಲ್ಲಿ ಮನೆ ಕಟ್ಟಿ, ನಿವೃತ್ತನಾದವನು. ರಜಾ ದಿನಗಳಲ್ಲಿ ಮಗಳನ್ನು ತನ್ನ ಬಸ್ಸಿನಲ್ಲೇ ಕೂರಿಸಿಕೊಂಡು ಅರಸೀಕೆರೆಯಿಂದ ಬೇಲೂರಿಗೆ ಹೋಗಿ ಬರುತ್ತಿದ್ದ. ಒಮ್ಮೆ ಹಳೇಬೀಡಿನಲ್ಲಿ ಬಸ್ ನಿಂತಾಗ ಎರಡು ಕೋತಿಗಳು ಹತ್ತಿದವು. ಒಂದು ಮುಂದಿನ ಬಾಗಿಲಲ್ಲಿ ನಿಂತು ಹಲ್ಲು ಕಿರಿಯಿತು, ಜನ ಹಿಂದಕ್ಕೆ ಸರಿದರು. ಅಷ್ಟರಲ್ಲಿ ಇನ್ನೊಂದು ಹಿಂದಿನ ಬಾಗಿಲಿಂದ ನುಗ್ಗಿ ಒಬ್ಬರ ಚೀಲದಿಂದ ಬನ್ನು ತೆಗೆದುಕೊಂಡು ಇಳಿಯಿತು. ಎರಡೂ ಒಂದೇ ದಿಕ್ಕಿಗೆ ಓಡಿದವು. ಜವರಪ್ಪ ಟಿಕೆಟ್ ಪುಸ್ತಕವನ್ನು ಬಡಿದುಕೊಳ್ಳುತ್ತಾ, ಟಿಕೆಟ್ ಹರಿಯುವ ಮೊದಲು ದಿನಕ್ಕೆ ನೂರು ಸಲ ಪ್ರಯಾಣಿಕರನ್ನು ಕೇಳುವ ಪ್ರಶ್ನೆಯನ್ನೇ ಅವುಗಳ ಬೆನ್ನಿಗೆ ಕೂಗಿ ಕೇಳಿದ.

"ಏಯ್, ಒಟ್ಟಿಗಾ, ಬೇರೆ ಬೇರೆನಾ?"

ಬಸ್ಸೆಲ್ಲ ನಕ್ಕಿತು. ಒಂದನೇ ಸೀಟಿನಲ್ಲಿದ್ದ ಹುಡುಗಿ ಮಾತ್ರ ನಗಲಿಲ್ಲ. ಅವಳಿಗೆ ಉತ್ತರ ಬೇಕಾಗಿತ್ತು. ಎರಡು ಕೋತಿಗಳು ಮಾತಾಡಿಕೊಂಡವರ ಹಾಗೆ ಕೂಡಿ ಬಂದದ್ದೋ, ಅಥವಾ ಇಬ್ಬರು ಕಳ್ಳರು ಒಂದೇ ಹೊತ್ತಿಗೆ ಒಂದೇ ಅಂಗಡಿಗೆ ಬಂದಂತೆಯೋ? ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಆ ವ್ಯತ್ಯಾಸವನ್ನು ಹೇಗೆ ಹಿಡಿಯುವುದು?

ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಕೆಲವು ವರ್ಷ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ದುಡಿದು, ಮೂವತ್ತನ್ನು ದಾಟಿದ ಮೇಲೆ ಅವಳು ಅದೇ ಪ್ರಶ್ನೆ ಹಿಡಿದು ಮೈಸೂರಿನ ರಮಾ ಮೇಡಂ ಹತ್ತಿರ ಪಿಎಚ್.ಡಿ.ಗೆ ಸೇರಿದಳು.

ಪೆಟ್ಟಿಗೆಯನ್ನು ಮಾಡಿಕೊಟ್ಟವನು ಗಂಡ ಲಕ್ಷ್ಮೀಶ. ಅವನು ಐಟಿಐಯಲ್ಲಿ ಫಿಟ್ಟರ್ ವಿಭಾಗದ ಮೇಷ್ಟ್ರು. ಪೆಟ್ಟಿಗೆಯ ಒಳಗೆ ಚಕ್ರದ ಮೇಲೆ ಜಾರುವ ಒಂದು ಹಲಗೆ, ಹಲಗೆಗೆ ಎರಡು ಬಳೆ. ಒಂದೇ ಹಗ್ಗ ಎರಡೂ ಬಳೆಗಳಲ್ಲಿ ಹಾದು ಬಂದು, ಅದರ ಎರಡು ತುದಿಗಳು ಬಲೆಯ ಹೊರಗೆ ಇಳಿಬಿದ್ದಿರುತ್ತವೆ. ಒಂದೇ ಕೋತಿ ಎರಡನ್ನೂ ಹಿಡಿಯಲಾರದಷ್ಟು ದೂರ ಅವುಗಳ ನಡುವೆ. ಇಬ್ಬರು ಎರಡು ತುದಿ ಹಿಡಿದು ಜೊತೆಯಾಗಿ ಎಳೆದರೆ ಹಲಗೆ ಮುಂದಕ್ಕೆ ಜಾರಿ ಬಂದು, ಅದರ ಮೇಲಿನ ತಿನಿಸು ಬಲೆಯ ಸಂದಿಯಲ್ಲಿ ಕೈಗೆ ಸಿಗುತ್ತದೆ. ಒಬ್ಬರೇ ಎಳೆದರೆ ಹಗ್ಗ ಬಳೆಗಳಿಂದ ನುಸುಳಿ ಪೂರ್ತಿ ಹೊರಗೆ ಬಂದುಬಿಡುತ್ತದೆ, ಹಲಗೆ ಇದ್ದಲ್ಲೇ ಇರುತ್ತದೆ. ಇಂಥ ಏರ್ಪಾಟನ್ನು ಬೇರೆ ದೇಶಗಳಲ್ಲಿ ಚಿಂಪಾಂಜಿಗಳ ಮುಂದೆ ಇಟ್ಟು ನೋಡಿದ್ದಾರೆ. ಯಾವ ಪಂಜರವೂ ಇಲ್ಲದೆ, ಬಂದರೆ ಬಂದವು ಹೋದರೆ ಹೋದವು ಎನ್ನುವಂಥ ನಮ್ಮ ತೋಟದ ಕೋತಿಗಳ ಮುಂದೆ ಇಟ್ಟು ನೋಡಬೇಕೆಂಬುದು ಮೀನಾಕ್ಷಿಯ ಹಟ.

ಎಳೆಯುವುದು ಅಲ್ಲಿ ದೊಡ್ಡ ವಿಷಯವಲ್ಲ. ಜೊತೆಯವರು ಬರುವವರೆಗೆ ಹಗ್ಗವನ್ನು ಕೈಯಲ್ಲಿ ಹಿಡಿದೂ ಎಳೆಯದೆ ಇರುವುದು ದೊಡ್ಡ ವಿಷಯ. ಹಾಗೆ ಕಾಯುವ ಕೋತಿಗೆ ಇನ್ನೊಬ್ಬರು ಬೇಕು ಎಂಬುದು ತಿಳಿದಿದೆ ಎಂದು ಲೆಕ್ಕ.

ಆದರೆ ಯಾವ ಕೋತಿಯೂ ಕಾಯಲಿಲ್ಲ.

ಮೊದಲ ವರ್ಷ ಅವಳು ತೆಂಗಿನ ನಾರಿನ ಹಗ್ಗ ಹಾಕಿದ್ದಳು. ಮನೆಯಲ್ಲಿ ಹಗ್ಗ ಎಂದರೆ ಅದೇ. ಆ ಒರಟು ಹಗ್ಗ ಬಳೆಯಲ್ಲಿ ಸಿಕ್ಕಿಕೊಂಡು, ಒಂದೇ ಕೋತಿ ಎಳೆದರೂ ಹಲಗೆ ಬಂದುಬಿಡುತ್ತಿತ್ತು. ನೈಲಾನ್ ಹಗ್ಗ ಬಂತು, ಮೊದಲ ವರ್ಷದ ಕೆಲಸವೆಲ್ಲ ಕಸಕ್ಕೆ ಹೋಯಿತು. ಎರಡನೆಯ ವರ್ಷ ಶನಿವಾರಗಳ ತೊಂದರೆ ತಿಳಿಯಿತು. ಶನಿವಾರ ಊರಿನವರು ಆಂಜನೇಯನ ಗುಡಿಯ ಮುಂದೆ ಕೋತಿಗಳಿಗೆ ಬಾಳೆಹಣ್ಣು ಹಾಕುತ್ತಾರೆ. ಹೊಟ್ಟೆ ತುಂಬಿದ ಕೋತಿಗೆ ಹಗ್ಗದ ಗೊಡವೆ ಏಕೆ? ಶನಿವಾರ ರಜೆ ಎಂದಾಯಿತು. ಪ್ರತಿಯೊಂದು ಕೋತಿಗೂ ಎರಡು ತುದಿಗಳನ್ನು ಹತ್ತಿರ ಇಟ್ಟು, ಎರಡನ್ನೂ ಹಿಡಿದು ಎಳೆದರೆ ತಿನಿಸು ಬರುತ್ತದೆ ಎಂಬುದನ್ನೂ ಕಲಿಸಿದಳು. ಅವು ಕಲಿತವು. ತುದಿಗಳನ್ನು ದೂರ ಮಾಡಿದ ಕೂಡಲೇ ಕಲಿತದ್ದು ಎಲ್ಲಿ ಹೋಗುತ್ತಿತ್ತೋ, ಬಂದ ಕೋತಿ ಒಂದು ತುದಿ ಹಿಡಿದು ಸರ್ರನೆ ಎಳೆದು, ಖಾಲಿ ಹಗ್ಗವನ್ನು ಮೂಸಿ ನೋಡಿ ಎಸೆದು ಹೋಗುತ್ತಿತ್ತು.

ಮೂರನೆಯ ವರ್ಷದ ಸುಗ್ಗಿಯ ಹೊತ್ತಿಗೆ ರಮಾ ಮೇಡಂ ಫೋನ್ ಮಾಡಿದರು.

"ಮೀನಾಕ್ಷಿ, ಸಂಕ್ರಾಂತಿ ಆದ ಮೇಲೆ ನಿನ್ನ ಪಿಎಚ್.ಡಿ. ಕೆಲಸ ನೋಡೋಕೆ ಸಮಿತಿ ಕೂರತ್ತೆ. ಕಾದು ಎಳೆದ ಒಂದೇ ಒಂದು ಜೋಡಿ ಇಲ್ಲದೆ ನಾನು ಏನಂತ ಮಾತಾಡಲಿ? ಆಗಲ್ಲ ಅಂದ್ರೆ ವಿಷಯ ಬದಲಾಯಿಸೋಣ. ಬೇರೆಯವರ ಪ್ರಯೋಗಾಲಯದ ವಿಡಿಯೋಗಳಿವೆ, ಅದನ್ನ ವಿಶ್ಲೇಷಣೆ ಮಾಡು. ಪದವಿಗೇನೂ ತೊಂದರೆ ಇಲ್ಲ."

ಪದವಿಗೆ ತೊಂದರೆ ಇರಲಿಲ್ಲ, ನಿಜ. ಆದರೆ ಬಸ್ಸಿನ ಒಂದನೇ ಸೀಟಿನಲ್ಲಿ ಹುಟ್ಟಿದ ಪ್ರಶ್ನೆ ಬೇರೆ ಯಾರದೋ ವಿಡಿಯೋದಲ್ಲಿ ಇರಲಿಲ್ಲ. ತಿಮ್ಮಯ್ಯನೂ ಸಂಕ್ರಾಂತಿವರೆಗೆ ಎಂದೇ ನೆಲ ಬಿಟ್ಟುಕೊಟ್ಟಿದ್ದ, ಆಮೇಲೆ ಅಲ್ಲಿ ಕೊಟ್ಟಿಗೆ ಕಟ್ಟಿಸುವ ಯೋಚನೆ ಅವನದು. ಒಮ್ಮೆ ಪೆಟ್ಟಿಗೆ ಎದ್ದರೆ ಮತ್ತೆ ಕೂರುವುದಿಲ್ಲ ಎಂದು ಮೀನಾಕ್ಷಿಗೆ ಗೊತ್ತಿತ್ತು.

ಅದೇ ವಾರ ತಿಮ್ಮಯ್ಯನ ತೋಟದಲ್ಲಿ ಕಾಯಿ ಕೀಳಿಸುವ ಕೆಲಸ ಬಂತು. ಗದ್ದಲಕ್ಕೆ ಕೋತಿಗಳು ಕೆರೆಯ ಕಡೆಗೆ ಹೋದವು. ಮಾಡಲು ಕೆಲಸವಿಲ್ಲದೆ ಮೀನಾಕ್ಷಿ ಕುರ್ಚಿಯನ್ನು ತೋಟದ ಕಡೆಗೆ ತಿರುಗಿಸಿಕೊಂಡು ಕೂತಳು. ಮರ ಹತ್ತುವವನು ಕೆಂಚಯ್ಯ, ಕೆಳಗೆ ಕಾಯಿ ಆಯುವವನು ಪುಟ್ಟಸ್ವಾಮಿ. ಮೊದಲನೆಯ ಮರದ ಕಾಯಿ ಬಿದ್ದ ಮೇಲೆ ಕೆಂಚಯ್ಯ ಇಳಿದು ಬಂದ. ತಿಮ್ಮಯ್ಯ ಅದರಲ್ಲೇ ಕೂಲಿಯೆಂದು ಕೀಳುವವನ ಪಾಲನ್ನು ಒಂದು ಮರದ ಬುಡಕ್ಕೆ, ಆಯುವವನ ಪಾಲನ್ನು ಇನ್ನೊಂದು ಮರದ ಬುಡಕ್ಕೆ ಹಾಕಿಸಿದ. ಆಮೇಲೆಯೇ ಕೆಂಚಯ್ಯ ಎರಡನೆಯ ಮರಕ್ಕೆ ಕಾಲಿಟ್ಟದ್ದು.

ಮೀನಾಕ್ಷಿ ಹುಟ್ಟಿದಾಗಿನಿಂದ ನೋಡಿದ್ದ ಪದ್ಧತಿ ಅದು. ಅವಳ ತಾಯಿ ಸುಲಿಯಲು ಹೋದಾಗಲೂ ಹಾಗೆಯೇ ಇತ್ತು. ಅಷ್ಟು ನೋಡಿದ್ದರಿಂದಲೇ ಏಕೆ ಎಂದು ಯಾವತ್ತೂ ಕೇಳಿರಲಿಲ್ಲ.

"ಕೆಂಚಣ್ಣ, ಎಲ್ಲಾ ಕಿತ್ತಾದ ಮೇಲೆ ಸಂಜೆಗೆ ಹಂಚ್ಕೊಂಡ್ರಾಗಲ್ವಾ?"

"ಒಂದೇ ಗುಡ್ಡೆ ಆದ್ರೆ, ಮ್ಯಾಲಿರೋನ್ ಕಣ್ಣು ಗೊನೆ ಮ್ಯಾಲೆ ಇರಲ್ಲ ಕಣವ್ವ, ಕೆಳಗಿರೋನ್ ಕೈ ಮ್ಯಾಲೆ ಇರ್ತದೆ," ಎಂದ ಕೆಂಚಯ್ಯ. "ಕಾಲು ಜಾರಿ ಸೊಂಟ ಮುರುದ್ರೆ ನಿಮ್ ಯಜಮಾನ್ರು ಬಂದು ವೆಲ್ಡಿಂಗ್ ಮಾಡ್ತಾರಾ?"

ಪುಟ್ಟಸ್ವಾಮಿಗೆ ಕೋಪ ಬಂತು. "ಏನ್ಲಾ ನಿನ್ ಮಾತು. ನಿನ್ ಕಾಯಿ ಎತ್ಕೊಂಡು ಓಡೋಗಾಕೆ ನಾನೇನ್ ಡೊಂಕಬಾಲನಾ?"

ಡೊಂಕಬಾಲ ಎಂದರೆ ಗುಂಪಿನ ದೊಡ್ಡ ಗಂಡು ಕೋತಿ. ಊರಿನವರೇ ಇಟ್ಟ ಹೆಸರು. ಮೀನಾಕ್ಷಿ ಕುರ್ಚಿಯಿಂದ ಎದ್ದಳು.

ಮನೆಗೆ ಹೋಗಿ ಲ್ಯಾಪ್‌ಟಾಪ್ ತೆರೆದು ಹಳೆಯ ವಿಡಿಯೋಗಳನ್ನು ಮತ್ತೆ ನೋಡಿದಳು. ಅಲ್ಲಿಯವರೆಗೆ ಅವಳು ಹಗ್ಗವನ್ನೇ ನೋಡುತ್ತಿದ್ದಳು, ಯಾರು ಎಳೆದರು, ಯಾವಾಗ ಎಳೆದರು ಎಂದು. ಈಗ ಹಲಗೆ ಬಂದ ನಂತರದ ಭಾಗ ನೋಡಿದಳು. ಕಾಯದೆ ಎಳೆದರೂ ಅಪರೂಪಕ್ಕೆ ಎರಡು ಕೋತಿಗಳ ಎಳೆತ ಆಕಸ್ಮಿಕವಾಗಿ ಕೂಡಿಕೊಂಡು ಹಲಗೆ ಮುಂದೆ ಬಂದದ್ದಿತ್ತು. ಹಾಗೆ ಬಂದಾಗಲೆಲ್ಲ ನಡೆದದ್ದು ಒಂದೇ. ಹಲಗೆಯ ನಡುವೆ ಒಂದು ತಟ್ಟೆ, ತಟ್ಟೆಯಲ್ಲಿ ಕೊಬ್ಬರಿ ಚೂರು. ಇಬ್ಬರಲ್ಲಿ ಬಲವಾದದ್ದು ಎಲ್ಲವನ್ನೂ ಬಾಚಿ, ಕೆನ್ನೆಯ ಚೀಲಕ್ಕೆ ತುರುಕಿಕೊಂಡು ಮರ ಹತ್ತುತ್ತಿತ್ತು. ಇನ್ನೊಂದು ಖಾಲಿ ತಟ್ಟೆ ನೋಡಿ ಹೋಗುತ್ತಿತ್ತು. ಮಾರನೆಯ ದಿನ ಆ ಸೋತ ಕೋತಿ, ಬಲವಾದದ್ದು ಇರುವಾಗ ಹಗ್ಗದ ಹತ್ತಿರವೂ ಸುಳಿಯುತ್ತಿರಲಿಲ್ಲ. ಕೋತಿಗಳಿಗೆ ಕೂಡಿ ಎಳೆಯಲು ಬರುವುದಿಲ್ಲ ಎಂದಲ್ಲ. ಕೂಡಿ ಎಳೆದರೆ ತನಗೆ ಏನೂ ಸಿಗುವುದಿಲ್ಲ ಎಂಬುದನ್ನು ಅವು ಚೆನ್ನಾಗಿ ಕಲಿತಿದ್ದವು. ಕಲಿಸಿದವಳು ಅವಳೇ.

ಅವಳಿಗೆ ನಗು ಬಂತು. ಅರಸೀಕೆರೆ ಸೀಮೆಯಲ್ಲಿ ಮನೆಗೆ ಬಂದವರಿಗೆ ಮರ್ಯಾದೆ ಎಂದರೆ ಒಂದು ತಟ್ಟೆ ತುಂಬ ಕೊಬ್ಬರಿ, ಬೆಲ್ಲ ನಡುವೆ ಇಟ್ಟು "ತಗೊಳ್ಳಿ" ಎನ್ನುವುದು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ನೀವು ಮೊದಲು, ನೀವು ಮೊದಲು ಎನ್ನುತ್ತಾರೆ. ಮೀನಾಕ್ಷಿ ಯೋಚಿಸದೆ ಕೋತಿಗಳಿಗೂ ಅದೇ ಮರ್ಯಾದೆ ಮಾಡಿದ್ದಳು.

"ಹಲಗೆಯ ಎರಡು ತುದಿಗೆ ಎರಡು ಬಟ್ಟಲು ಬೇಕು," ಎಂದಳು ಲಕ್ಷ್ಮೀಶನಿಗೆ. "ನಡುವೆ ಬಲೆಯ ಅಡ್ಡಗೋಡೆ. ಒಂದರ ಕೈ ಇನ್ನೊಂದರ ಬಟ್ಟಲಿಗೆ ಎಟುಕಬಾರದು."

"ಮಾಡ್ತೀನಿ. ಹಾಗೇ ಕೊಬ್ಬರಿ ಬಿಟ್ಟು ಕಡ್ಲೆಬೀಜ ಹಾಕು, ಇನ್ನೂ ಬೇಗ ಬರ್ತವೆ."

"ಬೇಡ. ಎರಡನ್ನೂ ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಆಯ್ತು ಅಂತ ಹೇಗೆ ಹೇಳೋದು? ಹಗ್ಗ ಅದೇ, ಕೊಬ್ಬರಿ ಅದೇ. ಪಾಲು ಮಾತ್ರ ಬೇರೆ."

"ಆಗದೇ ಇದ್ರೆ?"

"ಆಗದೇ ಇದ್ರೆ ಅದೂ ಗೊತ್ತಾಗತ್ತೆ."

ಹೊಸ ಹಲಗೆ ಕೂರಿಸಿದ ಕೆಲವೇ ದಿನಗಳಲ್ಲಿ ಹಗ್ಗದ ಎರಡೂ ತುದಿಗಳ ಬಳಿ ಕೋತಿಗಳು ಕಾಣತೊಡಗಿದವು. ಮೊದಲು ಬಂದದ್ದು ಚುಕ್ಕಿ, ತುಟಿಯ ಮೇಲೆ ಬಿಳಿ ಮಚ್ಚೆಯಿರುವ, ಮರಿ ಹೊತ್ತ ತಾಯಿ. ಅದರ ಹಿಂದೆ ಪಟೇಲಮ್ಮ, ಕಿವಿ ಹರಿದ ಮುದಿ ಹೆಣ್ಣು. ನಡೆಯುವ ಗತ್ತಿಗೆ ತಿಮ್ಮಯ್ಯನ ಹೆಂಡತಿ ಮಾದಮ್ಮ ಆ ಹೆಸರಿಟ್ಟಿದ್ದಳು. ಆಕಸ್ಮಿಕವಾಗಿ ಎರಡೂ ಎಳೆದವು, ಹಲಗೆ ಬಂತು, ಇಬ್ಬರಿಗೂ ತಮ್ಮ ತಮ್ಮ ಬಟ್ಟಲು ಸಿಕ್ಕಿತು. ಮಾರನೆಯ ದಿನ ಮತ್ತೆ ಬಂದವು. ವಾರದ ಕೊನೆಗೆ ಮೀನಾಕ್ಷಿ ವಿಡಿಯೋ ಕಳಿಸಿದಳು.

"ಒಟ್ಟಿಗೆ ಬಂದು ಒಟ್ಟಿಗೆ ಎಳೆದಿವೆ," ಎಂದರು ರಮಾ ಮೇಡಂ. "ಆದ್ರೆ ಒಂದು ಮೊದಲು ಬಂದು ಇನ್ನೊಂದಕ್ಕೆ ಕಾದದ್ದು ಇದರಲ್ಲಿಲ್ಲ. ಅದು ನನ್ನ ಕಣ್ಣಿಗೆ ಬಿದ್ರೆ ಸಮಿತಿಯಲ್ಲಿ ನಿನ್ನ ಪರ ನಾನು ನಿಲ್ತೀನಿ. ಮುಂದಿನ ಶನಿವಾರ ಬರ್ತೀನಿ. ಅದು ಬಿಟ್ರೆ ನನಗೆ ಬೇರೆ ದಿನ ಇಲ್ಲ."

ಶನಿವಾರ.

ಆ ಮಾತು ಕೇಳಿದ ಸಂಜೆಯೇ ಮೀನಾಕ್ಷಿ ತಿಮ್ಮಯ್ಯನ ಜಗಲಿಯ ಮೇಲೆ ಕೂತು ವಿಷಯ ಹೇಳಿದಳು. ಮಾದಮ್ಮ ಕಾಫಿ ಲೋಟ ಕೊಟ್ಟು ಕಂಬಕ್ಕೆ ಒರಗಿದಳು.

"ಹರಕೆ ಅಂದ್ರೆ ಹರಕೆ ಕಣವ್ವ. ಮೊಮ್ಮಗ ಹುಟ್ದಾಗಿಂದ ಒಂದ್ ಶನಿವಾರನೂ ಬಿಟ್ಟಿಲ್ಲ ನಾನು."

"ಭಾನುವಾರ ಅದೇ ಕೋತಿಗೆ ಪಟಾಕಿ ಹಚ್ಚೋಳೂ ಇವ್ಳೇ," ಎಂದ ತಿಮ್ಮಯ್ಯ.

"ಶನಿವಾರ ಅವು ಆಂಜನೇಯ. ಭಾನುವಾರ ಕೋತಿ. ಅಷ್ಟೂ ಗೊತ್ತಾಗಲ್ವಾ ನಿಮಗೆ?"

"ಬಿಡಿ ಅಂತಿಲ್ಲ ಮಾದಮ್ಮ," ಎಂದಳು ಮೀನಾಕ್ಷಿ. "ಬೆಳಿಗ್ಗೆ ಬದಲು ಮಧ್ಯಾಹ್ನ ಹಾಕಕ್ಕಾಗತ್ತಾ ಅಂತ. ಅದೊಂದು ದಿನ."

ಮಾದಮ್ಮ ಹುಣಸೆಮರದ ಕಡೆ ನೋಡಿದಳು. ಪಟೇಲಮ್ಮ ಎಂದು ಹೆಸರಿಟ್ಟವಳು ಅವಳೇ ತಾನೆ; ಆ ಮುದಿ ಹೆಣ್ಣು ಹಗ್ಗ ಎಳೆದದ್ದನ್ನು ಬೇಲಿಯ ಆಚೆ ನಿಂತು ನೋಡಿ ಊರಿಗೆಲ್ಲ ಹೇಳಿದವಳೂ ಅವಳೇ.

"ದೇವ್ರಿಗೆ ಬೆಳಿಗ್ಗೆನೇ ಇಡ್ತೀನಿ. ಕೋತಿಗೆ ಮದ್ಯಾನ್ಕೆ ಹಾಕ್ತೀನಿ. ಆದ್ರೆ ನಾನೊಬ್ಳು ತಡುದ್ರೆ ಏನಾಯ್ತದೆ? ಊರೆಲ್ಲ ಹಾಕ್ತದಲ್ಲ."

"ಊರಿಗೆ ಹೇಳಾಣ," ಎಂದ ತಿಮ್ಮಯ್ಯ. ಆಡಿಕೊಳ್ಳುವುದನ್ನು ಬಿಟ್ಟು ಅವನು ಬೇರೆ ಏನಾದರೂ ಹೇಳಿದ್ದು ಮೀನಾಕ್ಷಿಗೆ ಅದೇ ಮೊದಲು. "ಮೂರು ವರ್ಷದಿಂದ ಕೇಳ್ತಿವ್ನಿ, ಎಳುದ್ವಾ ಎಳುದ್ವಾ ಅಂತ. ನಂಗೂ ನೋಡಬೇಕು ಅಂತ ಐತೆ."

ಮಾದಮ್ಮ ಮನೆ ಮನೆಗೆ ಹೋಗಿ ಹೇಳಿದಳು. ಶನಿವಾರ ಬೆಳಿಗ್ಗೆ ಮೀನಾಕ್ಷಿ ಬರುವ ಹೊತ್ತಿಗೆ ತಿಮ್ಮಯ್ಯ ಗುಡಿಯ ದಾರಿಯಲ್ಲಿ, ಮದುವೆ ಮನೆಯ ಬಾಗಿಲಲ್ಲಿ ನಿಂತ ಹಿರಿಯನ ಹಾಗೆ ಟವೆಲ್ ಹೆಗಲಿಗೆ ಹಾಕಿ ನಿಂತಿದ್ದ. ಬಂದವರ ಬಾಳೆಹಣ್ಣನ್ನೆಲ್ಲ ಒಂದು ಮಂಕರಿಗೆ ಹಾಕಿಸಿಕೊಂಡು, ಮೇಲೆ ಗೋಣಿಚೀಲ ಮುಚ್ಚಿದ್ದ. "ಯಾರ್ದೂ ಎಲ್ಲೂ ಹೋಗಲ್ಲ. ಮದ್ಯಾನ್ಕೆ ಬಂದು ನಿಮ್ ನಿಮ್ ಕೈಯ್ಯಾರೆ ಹಾಕಿ." ಗೊಣಗಿದವರಿದ್ದರು. ಕೊಡದೆ ಹೋದವರು ಇರಲಿಲ್ಲ.

ರಮಾ ಮೇಡಂ ಬಂದು ಮಡಚುವ ಕುರ್ಚಿಯಲ್ಲಿ ಕೂತರು. ಬೇಲಿಯ ಆಚೆ ಜನ ಸೇರಿದ್ದರು, ಮಂಕರಿಯನ್ನು ಗುಡಿಯೊಳಗಿಟ್ಟು ತಿಮ್ಮಯ್ಯನೂ ಬಂದಿದ್ದ. ಮಾದಮ್ಮ ಎಲ್ಲರನ್ನೂ ನೆಲಕ್ಕೆ ಕೂರಿಸಿ, ಬಾಯಿಗೆ ಸೆರಗು ಇಟ್ಟು ತೋರಿಸಿ, ಸುಮ್ಮನಾಗಿಸಿದ್ದಳು. ಲಕ್ಷ್ಮೀಶ ಎರಡು ಬಟ್ಟಲಿಗೆ ಕೊಬ್ಬರಿ ಹಾಕಿ ಹಗ್ಗ ಪೋಣಿಸಿ ಹಿಂದೆ ಸರಿದ.

ಹುಣಸೆಮರದಿಂದ ಪಟೇಲಮ್ಮ ಇಳಿಯಿತು. ಒಂದೇ ಇಳಿಯಿತು. ಚುಕ್ಕಿ ಮೇಲಿನ ಕೊಂಬೆಯಲ್ಲಿ ಮರಿಯ ತಲೆಯಲ್ಲಿ ಹೇನು ಹುಡುಕುತ್ತಾ ಕೂತಿತ್ತು.

ಪಟೇಲಮ್ಮ ಬಲೆಯ ಹತ್ತಿರ ಬಂದು ಒಳಗಿನ ಬಟ್ಟಲನ್ನು ನೋಡಿತು. ಹಗ್ಗದ ತುದಿಯನ್ನು ಕೈಗೆ ತೆಗೆದುಕೊಂಡಿತು. ಮೂರು ವರ್ಷದಿಂದ ಮೀನಾಕ್ಷಿ ನೋಡಿದ್ದು ಇದರ ಮುಂದಿನ ಕ್ಷಣವನ್ನೇ: ಸರ್ರನೆ ಜಾರಿ ಬರುವ ಹಗ್ಗ, ಅದನ್ನು ಮೂಸುವ ಕೋತಿ.

ಹಗ್ಗ ಜಾರಲಿಲ್ಲ.

ಪಟೇಲಮ್ಮ ತುದಿಯನ್ನು ಹಿಡಿದುಕೊಂಡೇ ಕುಂಡೆ ಊರಿ ಕೂತಿತು. ಇನ್ನೊಂದು ತುದಿಯ ಕಡೆ ನೋಡಿತು. ಅಲ್ಲಿ ಯಾರೂ ಇಲ್ಲ. ತಿರುಗಿ ಮರದ ಕಡೆ ನೋಡಿತು. ಬಸ್ಸಿನಲ್ಲಿ ಪಕ್ಕದ ಸೀಟಿಗೆ ಟವೆಲ್ ಹಾಕಿ, ಇನ್ನೂ ಹತ್ತದ ಜೊತೆಗಾರ್ತಿಗಾಗಿ ಕಿಟಕಿಯಿಂದ ಇಣುಕುವ ಹೆಂಗಸಿನ ಹಾಗೆ. ಕೋತಿಗಳು ತಮ್ಮವರನ್ನು ಕರೆಯುವ ಹಾಗೆ ತುಟಿಗಳನ್ನು ಪಟಪಟ ಬಡಿಯಿತು.

ಮೇಲೆ ಚುಕ್ಕಿ ತಲೆ ಎತ್ತಿತು. ಮರಿಯನ್ನು ಹೊಟ್ಟೆಗೆ ಅವುಚಿಕೊಂಡು, ಯಾವ ಅವಸರವೂ ಇಲ್ಲದೆ ಇಳಿದು ಬಂತು. ಇನ್ನೊಂದು ತುದಿ ಹಿಡಿಯಿತು. ಆಗ, ಆಗ ಮಾತ್ರ, ಪಟೇಲಮ್ಮ ಎಳೆಯಿತು. ಹಲಗೆ ಗಡಗಡ ಸದ್ದು ಮಾಡುತ್ತಾ ಮುಂದೆ ಬಂತು. ಇಬ್ಬರೂ ಪಕ್ಕಪಕ್ಕದಲ್ಲಿ ಕೂತು, ಒಬ್ಬರ ಬಟ್ಟಲು ಒಬ್ಬರು ನೋಡದೆ ತಿಂದರು.

ಬೇಲಿಯ ಆಚೆ ಯಾರೋ ಚಪ್ಪಾಳೆ ತಟ್ಟಲು ಹೋದರು. ಮಾದಮ್ಮ ಅವರ ಕೈ ಹಿಡಿದಳು.

ರಮಾ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಇನ್ನೊಂದು ಸಲ," ಎಂದರು, ಮೆಲ್ಲಗೆ.

ಲಕ್ಷ್ಮೀಶ ಮತ್ತೆ ಬಟ್ಟಲು ತುಂಬಿ ದೂರ ಬರುವಷ್ಟರಲ್ಲಿ ಡೊಂಕಬಾಲ ಬಂತು. ಚುಕ್ಕಿ ಮರಿಯೊಡನೆ ದೂರ ಹೋಯಿತು, ಪಟೇಲಮ್ಮ ಕೂಡ ನಾಲ್ಕು ಹೆಜ್ಜೆ ಸರಿದು ಕೂತಿತು. ದೊಡ್ಡ ಗಂಡು ಒಂದು ತುದಿ ಹಿಡಿಯಿತು. ತಿಮ್ಮಯ್ಯ "ಹೋಯ್ತು" ಎಂದು ಗೊಣಗಿದ್ದು ಎಲ್ಲರಿಗೂ ಕೇಳಿಸಿತು. ಡೊಂಕಬಾಲ ಹಗ್ಗವನ್ನು ಒಂದಿಷ್ಟು ಜಗ್ಗಿ, ನಿಲ್ಲಿಸಿತು. ತಲೆ ತಿರುಗಿಸಿ ಪಟೇಲಮ್ಮನ ಕಡೆ ನೋಡಿತು. ಊರಿನ ತೆಂಗಿನ ಸಸಿಗಳ ಸುಳಿ ಕಿತ್ತ ಆ ಪುಂಡ, ಹಲ್ಲು ಕಿರಿಯದೆ, ಕೈಯಲ್ಲಿ ಹಗ್ಗ ಹಿಡಿದು ಕಾದು ಕೂತಿತು. ಪಟೇಲಮ್ಮ ತನ್ನ ಗತ್ತಿನಲ್ಲಿ ಎದ್ದು, ಮೈ ಕೆರೆದುಕೊಂಡು, ಬಂದು ಇನ್ನೊಂದು ತುದಿ ಹಿಡಿಯಿತು.

ಈ ಸಲ ಹಲಗೆ ಬಂದಾಗ ಚಪ್ಪಾಳೆಯನ್ನು ಮಾದಮ್ಮನಿಂದಲೂ ತಡೆಯಲಾಗಲಿಲ್ಲ, ಏಕೆಂದರೆ ಮೊದಲು ತಟ್ಟಿದವಳು ಅವಳೇ. ಕೋತಿಗಳು ಬೆಚ್ಚಿ ಮರ ಹತ್ತಿದವು. ಹೋಗುವ ಮೊದಲು ಎರಡೂ ಬಟ್ಟಲು ಖಾಲಿಯಾಗಿದ್ದವು.

"ಇದು ಒಂದೇ ಹೊತ್ತಿಗೆ ಎಳೆದದ್ದಲ್ಲ," ಎಂದರು ರಮಾ ಮೇಡಂ. "ಕೂಡಿ ಎಳೆದದ್ದು. ಇನ್ನು ಬೇರೆ ಜೋಡಿಗಳನ್ನೂ ನೋಡಬೇಕು, ತುಂಬ ಸಲ ನೋಡಬೇಕು. ಸಮಿತಿಗೆ ನಾನು ಹೇಳ್ತೀನಿ. ವಿಷಯ ಬದಲಾಗಲ್ಲ ಮೀನಾಕ್ಷಿ. ನೀನು ಇಲ್ಲೇ ಇರ್ತೀಯ."

"ಇಲ್ಲೇ ಅಂದ್ರೆ ನಮ್ ಜಾಗದಲ್ಲಿ," ಎಂದ ತಿಮ್ಮಯ್ಯ, ಟವೆಲ್ ಕೊಡವುತ್ತಾ. "ಕೊಟ್ಟಿಗೆ ಆ ಕಡೆಗೆ ಕಟ್ಟುಸ್ಕೊತೀನಿ ಬಿಡಿ. ಹಸು ಎಲ್ಲಿ ಕಟ್ಟಿದ್ರೂ ಹಾಲು ಕೊಡ್ತದೆ." ಆಮೇಲೆ ಮೇಡಂ ಕಡೆ ತಿರುಗಿ, "ನಮ್ ದಾಯಾದಿಗಳ್ನೂ ಒಂದ್ಸಲ ಕರ್ಕೊಂಡ್ ಬತ್ತೀನಿ. ಎರಡು ಬಟ್ಲು ಇಟ್ಟು ನೋಡಿ," ಎಂದ.

ಮಧ್ಯಾಹ್ನ ಗುಡಿಯ ಮುಂದೆ ಗೋಣಿಚೀಲ ತೆಗೆದರು. ಎಲ್ಲರೂ ತಮ್ಮ ತಮ್ಮ ಹಣ್ಣು ಆರಿಸಿಕೊಂಡು ಹಾಕಿದರು. ಮಾದಮ್ಮ ಪಟೇಲಮ್ಮನಿಗೆಂದು ಒಂದು ದಪ್ಪ ಹಣ್ಣನ್ನು ಬೇರೆ ಇಟ್ಟುಕೊಂಡಿದ್ದಳು.

ಮೀನಾಕ್ಷಿ ಕಟ್ಟೆಯ ಮೇಲೆ ಕೂತು ಅರಸೀಕೆರೆಗೆ ಫೋನ್ ಮಾಡಿದಳು.

"ಅಪ್ಪ, ಹಳೇಬೀಡಲ್ಲಿ ನಿನ್ನ ಬಸ್ಸು ಹತ್ತಿದ್ವಲ್ಲ ಎರಡು ಕೋತಿ, ನೆನಪಿದೆಯಾ? ಒಟ್ಟಿಗಾ ಬೇರೆ ಬೇರೆನಾ ಅಂತ ಕೇಳ್ದೆ ನೀನು. ಅವು ಉತ್ತರ ಹೇಳದೇ ಓಡೋದ್ವು."

"ಹೂಂ. ಈಗೇನಂತೆ?"

"ಅವತ್ತಿನ ಎರಡರ ವಿಷಯ ಹೇಳಕ್ಕಾಗಲ್ಲ. ಇಲ್ಲಿಯವು ಮಾತ್ರ ಒಟ್ಟಿಗೆ ಅಂತ."

ಫೋನಿನಲ್ಲಿ ಜವರಪ್ಪ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

"ಹಂಗಾದ್ರೆ ಎರಡು ಸೀಟು, ಒಂದೇ ಟಿಕೆಟ್ ಕಣವ್ವ," ಎಂದ.